ನೇರಳೆ ಮಿಂಚಿನವರ ಹಾಡಿಗೆ ನಕ್ಕ ಮೇಲೆ

ನಮ್ಮೂರಿನಲ್ಲಿ ಫೋನು ನೋಡುವವರು ಬಾಯಲ್ಲಿ ಒಂದು ಲವಂಗ ಕಚ್ಚಿಕೊಂಡಿರುತ್ತಾರೆ. ಬಸ್‌ಸ್ಟ್ಯಾಂಡಿನ ಬೆಂಚು, ಬ್ಯಾಂಕಿನ ಸಾಲು, ಕ್ಷೌರದಂಗಡಿಯ ಕುರ್ಚಿ, ಎಲ್ಲಿ ನೋಡಿದರೂ ಜನ ಹಲ್ಲು ಬಿಗಿಹಿಡಿದು ಫೋನಿನೊಳಗೆ ಮುಖ ಹುದುಗಿಸಿರುತ್ತಾರೆ. ಹೊರಗಿನಿಂದ ಬಂದವರು ಪಾಪ, ಇವರಿಗೆಲ್ಲ ಹಲ್ಲುನೋವಿರಬೇಕು ಅಂದುಕೊಳ್ಳುತ್ತಾರೆ. ಎದುರಿಗೆ ಕೂತವರ ವಿಷಯದಲ್ಲಿ ನಮಗೆ ಭಯವಿಲ್ಲ. ಮನಸ್ಸಿಟ್ಟು ಹೇಳುವವರು, ಹಾಡುವವರು ಬಲಗಿವಿಯ ಮೇಲೆ ಒಂದು ಕನಕಾಂಬರ ಸಿಕ್ಕಿಸಿಕೊಂಡಿರುತ್ತಾರೆ. ತಮಾಷೆಯಾದರೆ ಎಡಗಿವಿ. ಫೋನಿನೊಳಗಿನವರಿಗೆ ಈ ಪದ್ಧತಿ ಗೊತ್ತಿಲ್ಲ. ಅವರ ಮಾತು ಮನಸ್ಸಿನದ್ದಾಗಿದ್ದು ನಾವು ನಕ್ಕುಬಿಟ್ಟರೆ, ಮೂರನೇ ದಿನ ಬೆಳಗ್ಗೆ ಏಳುವಷ್ಟರಲ್ಲಿ ನಾಲಿಗೆಯಿಂದ ಉಪ್ಪಿನ ರುಚಿ ಹೊರಟುಹೋಗಿರುತ್ತದೆ. ಯಾರನ್ನು ನೋಡಿ ನಕ್ಕೆವೋ ಅವರೇ ಬಾಯಿಬಿಟ್ಟು "ಇರಲಿ ಬಿಡು" ಅನ್ನಬೇಕು, ಅಲ್ಲಿಯವರೆಗೂ ಬರುವುದಿಲ್ಲ. ಅದಕ್ಕೇ ಲವಂಗ, ಕಚ್ಚಿದ ಹಲ್ಲು ನಗಲು ಬಿಡುವುದಿಲ್ಲ. ನಮ್ಮ ನಿವೃತ್ತ ಹೆಡ್‌ಮಾಸ್ತರು ಶ್ಯಾಂಪೂ ಜಾಹೀರಾತಿನಲ್ಲಿ ಅಳುತ್ತಿದ್ದ ಹೆಂಗಸನ್ನು ನೋಡಿ ನಕ್ಕು ಉಪ್ಪು ಕಳೆದುಕೊಂಡು ಆರು ವರ್ಷವಾಯಿತು. ನಟನೆ ಅಂದುಕೊಂಡಿದ್ದರಂತೆ. ಕಂಪನಿಗೆ ಕಾಗದದ ಮೇಲೆ ಕಾಗದ ಬರೆಯುತ್ತಾರೆ, ಕಂಪನಿಯವರು ಪ್ರತಿ ಕಾಗದಕ್ಕೂ ತಪ್ಪದೆ ಒಂದು ಶ್ಯಾಂಪೂ ಪೊಟ್ಟಣ ಕಳಿಸುತ್ತಾರೆ.

ನಾನು ಅಂಬುಜ, ಊರಿನ ಮದುವೆ ಮುಂಜಿಗಳಿಗೆ ಅಡುಗೆ ಮಾಡುವವಳು. ಲವಂಗ ಕಚ್ಚಿದರೆ ನಾಲಿಗೆ ಜೋಮು ಹಿಡಿಯುತ್ತದೆ, ಜೋಮು ಹಿಡಿದ ನಾಲಿಗೆಯಿಂದ ಹುಳಿಯ ಹದ ನೋಡಲಾಗುವುದಿಲ್ಲ. ಆದ್ದರಿಂದ ನಮ್ಮ ಕಸುಬಿನವರು ಲವಂಗ ಕಚ್ಚುವುದಿಲ್ಲ, ಕಚ್ಚದ ಕಾರಣ ಫೋನಿನಲ್ಲಿ ಹಾಡು ಕುಣಿತ ನೋಡುವುದೂ ಇಲ್ಲ. ನನ್ನ ಫೋನು ಏನಿದ್ದರೂ ಮಾತಿಗೆ ಮತ್ತು ಸಾಮಾನಿನ ಪಟ್ಟಿಯ ಫೋಟೊಗೆ. ಹತ್ತೊಂಬತ್ತು ವರ್ಷ ಹೀಗೇ ಕಾಪಾಡಿಕೊಂಡು ಬಂದಿದ್ದೆ. ಉಪ್ಪು ಹೋದ ಅಡುಗೆಯವರು ಶುಭಕಾರ್ಯದ ಒಲೆಯ ಮುಂದೆ ಸೌಟು ಹಿಡಿಯುವಂತಿಲ್ಲ. ಇನ್ನೊಬ್ಬರ ಮನಸ್ಸನ್ನು ಹೀಯಾಳಿಸಿದ ಕೈ ಗಂಡುಹೆಣ್ಣಿನ ಊಟ ಬಡಿಸಬಾರದು ಅನ್ನುವುದು ಇಲ್ಲಿನ ನಂಬಿಕೆ. ಒಂದು ಸಲ ಸಪ್ಪೆ ಅನ್ನಿಸಿಕೊಂಡರೆ ಮುಗಿಯಿತು, ಹೆಸರಿನ ಹಿಂದೆ ಅದೇ ಅಂಟಿಕೊಳ್ಳುತ್ತದೆ.

ಆ ಗುರುವಾರ ಸೈಕಲ್ ಅಂಗಡಿ ವೀರಭದ್ರಯ್ಯನವರ ಮಗಳ ಮದುವೆಗೆಂದು ಛತ್ರದ ಹಿಂದೆ ಕೂತು ಕೊತ್ತಂಬರಿ ಬಿಡಿಸುತ್ತಿದ್ದೆವು. ಮದುವೆ ಭಾನುವಾರ, ಆರುನೂರು ಎಲೆ. ನನ್ನ ಜೊತೆ ತರಕಾರಿ ಹೆಚ್ಚುವ ಚಂಪಾಗೆ ನಲವತ್ತು ದಾಟಿದ್ದರೂ ಫೋನಿನ ಹುಚ್ಚು ಬಿಟ್ಟಿಲ್ಲ. ಫೋನನ್ನು ನೀರಿನ ಚೊಂಬಿಗೆ ಒರಗಿಸಿಟ್ಟುಕೊಂಡು, ದವಡೆಯಲ್ಲಿ ಲವಂಗ ಇಟ್ಟುಕೊಂಡು ಏನೋ ನೋಡುತ್ತಿದ್ದಳು. ನಾನು ಎದ್ದು ಮೊರ ತರಲು ಹೋಗುವಾಗ ಕಣ್ಣು ಹಾಯಿತು. ಹಾಯಬಾರದಿತ್ತು, ಹಾಯಿತು.

ಒಂದು ನಡುಮನೆ. ಗೋಡೆಯ ಮೇಲೆ ಜಲಪಾತದ ದೊಡ್ಡ ಚಿತ್ರ. ಅದರ ಮುಂದೆ ಮೂವರು, ಮೂವರಿಗೂ ಒಂದೇ ಥಾನಿನಿಂದ ಹೊಲಿಸಿದ ಮಿರಿಮಿರಿ ಮಿಂಚುವ ನೇರಳೆ ಬಟ್ಟೆ. ಒಬ್ಬ ದಪ್ಪನೆಯವನು ಕೀಬೋರ್ಡ್ ಬಾರಿಸುತ್ತಿದ್ದ, ಇನ್ನೊಬ್ಬ ಸಣಕಲ ಗಿಲಕಿ ಅಲ್ಲಾಡಿಸುತ್ತಿದ್ದ, ನಡುವೆ ಸುಮಾರು ನನ್ನ ವಯಸ್ಸಿನ ಹೆಂಗಸು ಮೈಕು ಹಿಡಿದು ಹಾಡುತ್ತಿದ್ದಳು. "ನಿನ್ನ ಪ್ರೀತಿ ಗ್ಯಾಸಿನ ಸಿಲಿಂಡರು, ತುಂಬಿದೆಯೋ ಖಾಲಿಯೋ ಎತ್ತಿದರೇ ಗೊತ್ತು." ಗಿಲಕಿಯವನು ಹಿಂದಿನಿಂದ "ಎತ್ತಿದರೇ ಗೊತ್ತು, ಎತ್ತಿದರೇ ಗೊತ್ತು" ಅಂದ. ಅಷ್ಟರಲ್ಲಿ ಒಳಗೆಲ್ಲೋ ಕುಕ್ಕರು ಕೂಗಿತು. ಹೆಂಗಸು ಒಂದು ಕ್ಷಣ ಆ ಕಡೆ ತಿರುಗಿ, ಎಷ್ಟನೆಯ ಕೂಗು ಅಂತ ಲೆಕ್ಕ ಹಾಕಿದವಳ ಹಾಗೆ ಮುಖ ಮಾಡಿ, ಮತ್ತೆ ಕಣ್ಣು ಮುಚ್ಚಿ "ಎತ್ತಿದರೇ ಗೊತ್ತು" ಅಂತ ಎಳೆದಳು.

ನಾನು ನಕ್ಕುಬಿಟ್ಟೆ. ಬಾಯಿಗೆ ಸೆರಗು ಒತ್ತಿಕೊಳ್ಳುವಷ್ಟೂ ಪುರುಸೊತ್ತು ಸಿಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು, ಮೊರ ಕೈಯಿಂದ ಬಿದ್ದು, ಕೊತ್ತಂಬರಿ ನೆಲದ ಪಾಲಾಗಿ, ಅಷ್ಟು ನಕ್ಕೆ. ಎಷ್ಟು ವರ್ಷವಾಗಿತ್ತೋ ಹಾಗೆ ನಕ್ಕು. ನಗು ಮುಗಿದು ತಲೆ ಎತ್ತಿದಾಗ ಚಂಪಾ ದವಡೆ ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದಳು. ಅವಳ ಮುಖ ಬಿಳಿಚಿಕೊಂಡಿತ್ತು.

"ಅಂಬುಜಕ್ಕ, ಇವ್ರು ತಮಾಷೆಗೆ ಹಾಡ್ತಿರೋದಾ?" ಅಂದಳು.

"ಇನ್ನೇನೇ? ಸಿಲಿಂಡರ್ ಮೇಲೆ ಯಾರಾದ್ರೂ ಮನಸ್ಸಿಟ್ಟು ಹಾಡ್ತಾರಾ?"

"ಗೊತ್ತಿಲ್ಲ ಕಣಕ್ಕ. ನಾನು ಒಂದ್ ತಿಂಗ್ಳಿಂದ ನೋಡ್ತಿದೀನಿ, ಇನ್ನೂ ಗೊತ್ತಾಗಿಲ್ಲ."

ಬೆರಳು ಮಡಿಸಿ ಲೆಕ್ಕ ಹಾಕಿದೆ. ಗುರುವಾರ ನಕ್ಕಿದ್ದೇನೆ, ಶುಕ್ರವಾರ ಒಂದು, ಶನಿವಾರ ಎರಡು, ಮೂರನೆಯ ದಿನ ಭಾನುವಾರ. ಸರಿಯಾಗಿ ಮದುವೆಯ ದಿನ ಬೆಳಗ್ಗೆ.

ಶುಕ್ರವಾರವಿಡೀ ನನಗೆ ಅದೇ ಕೆಲಸ. ಚಂಪಾ ನನ್ನ ಫೋನಿಗೂ ಆ ಹಾಡುಗಳನ್ನು ಹಾಕಿಕೊಟ್ಟಳು. ಹದ ನೋಡುವ ಕೆಲಸ ಇಲ್ಲದ ದಿನವಾದ್ದರಿಂದ ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಲವಂಗ ಕಚ್ಚಿ ಕೂತೆ. ಅವರ ಹೆಸರು ನೇರಳೆ ಮಿಂಚು. ಒಟ್ಟು ಏಳು ಹಾಡು, ಮೆಚ್ಚಿ ಹಿಂಬಾಲಿಸುವವರು ಅರವತ್ತಮೂರು ಜನ. ಎರಡನೆಯ ಹಾಡು ಹಲ್ಲಿನ ಡಾಕ್ಟರಿಗಾಗಿ ಕಾಯುವ ಪ್ರೇಮಿಯದ್ದು. ಅದರಲ್ಲಿ ಮೇಲಿನಿಂದ ಬಣ್ಣದ ಕಾಗದದ ಚೂರು ಉದುರಬೇಕಾದ ಹೊತ್ತಿಗೆ ಉದುರದೆ, ಹಾಡು ಮುಗಿದು ಎಲ್ಲರೂ ಕೈಮುಗಿದ ಮೇಲೆ ಒಂದೇ ಮುದ್ದೆಯಾಗಿ ಕೀಬೋರ್ಡಿನವನ ತಲೆಯ ಮೇಲೆ ಬಿತ್ತು. ಇದನ್ನು ನೋಡಿ ನನಗೆ ಸಮಾಧಾನವಾಯಿತು, ಇದು ಬೇಕಂತಲೇ ಮಾಡಿದ್ದು ಅನ್ನಿಸಿತು. ಆದರೆ ನಾಲ್ಕನೆಯ ಹಾಡಿನ ಕೊನೆಯಲ್ಲಿ ಅದೇ ಕೀಬೋರ್ಡಿನವನು ಕ್ಯಾಮೆರಾದ ಹತ್ತಿರ ಬಂದು "ಈ ರಾಗ ನಮ್ಮಮ್ಮ ರೊಟ್ಟಿ ತಟ್ಟುವಾಗ ಗುನುಗುತ್ತಿದ್ದದ್ದು" ಅಂದಾಗ ಆ ಸಮಾಧಾನ ಹೋಯಿತು. ಐದರಲ್ಲಿ ಗಿಲಕಿಯವನು ಕಣ್ಣು ಹೊಡೆದ ಹಾಗೆ ಕಂಡಿತು. ಹತ್ತು ಸಲ ಹಿಂದಕ್ಕೆ ಮುಂದಕ್ಕೆ ಓಡಿಸಿ ನೋಡಿದರೆ ಅವನ ರೆಪ್ಪೆಯ ಮೇಲೆ ಒಂದು ನೊಣ ಕೂತಿತ್ತು.

ಸಂಜೆ ಹೂವಿನ ಕಟ್ಟೆಯ ನಂಜುಂಡಮ್ಮನ ಹತ್ತಿರ ಹೋದೆ. ಊರಿಗೆಲ್ಲ ಕನಕಾಂಬರ ಮಾರುವ ಮುದುಕಿ. ಯಾರು ಯಾವ ಕಿವಿಗೆ ಇಡಬೇಕು ಅಂತ ಅನುಮಾನ ಬಂದರೆ ಜನ ಅವಳನ್ನೇ ಕೇಳುವುದು. ಮದುವೆಯ ಪ್ರಸ್ತಾಪ ತಂದ ಗಂಡುಗಳಿಗೆ ಕೂಡ ಅವಳು ಮುಖ ನೋಡಿಯೇ "ನೀನು ಎಡಕ್ಕೆ ಇಡಪ್ಪ" ಅಂದು ವಾಪಸ್ ಕಳಿಸಿದ್ದುಂಟು. ಫೋನನ್ನು ಮೂಗಿನ ಹತ್ತಿರ ಹಿಡಿದು ಹಾಡು ಪೂರ್ತಿ ಕೇಳಿದಳು.

"ನೋಡವ್ವ, ತಮಾಷೆ ಮಾಡೋರು ಮಾತು ಮುಗಿದ ಮೇಲೆ ನಮ್ ಮುಖ ನೋಡ್ತಾರೆ, ನಗು ಬಂತಾ ಅಂತ. ಮನಸ್ಸಿಟ್ಟು ಹೇಳೋರು ಮಾತಿಗೆ ಮುಂಚೆ ನೋಡ್ತಾರೆ, ಹೇಳ್ಲಾ ಬೇಡ್ವಾ ಅಂತ."

"ಇವ್ಳು ಯಾವಾಗ ನೋಡ್ತಾಳೆ?"

ನಂಜುಂಡಮ್ಮ ಮತ್ತೊಮ್ಮೆ ನೋಡಿದಳು. "ಇವ್ಳು ಕುಕ್ಕರ್ ಕಡೆ ನೋಡ್ತಾಳಲ್ಲ ತಾಯಿ, ನಾನೇನು ಹೇಳ್ಲಿ?" ಅಂದು ಫೋನು ವಾಪಸ್ ಕೊಟ್ಟಳು. ಎದ್ದು ಹೊರಟಾಗ ಕರೆದು, ಕೇಳದಿದ್ದರೂ ಒಂದು ಕನಕಾಂಬರ ಕೈಗಿಟ್ಟು, "ಅವ್ರನ್ನೇ ಕೇಳ್ಬಿಡು" ಅಂದಳು.

ಅದು ನನಗೆ ಹೊಳೆದಿರಲೇ ಇಲ್ಲ. ಮನೆಗೆ ಬಂದು ಹೂವನ್ನು ಬಲಗಿವಿಗೆ ಇಟ್ಟುಕೊಂಡು, ಚಂಪಾಗೆ ಫೋನು ಮಾಡಿ ಎಲ್ಲಿ ಬರೆಯಬೇಕು ಅಂತ ಕೇಳಿ, ಹಾಡಿನ ಕೆಳಗೆ ಬರೆದೆ. "ಅಮ್ಮಾ, ನೀವು ಇದನ್ನು ನಿಜವಾಗಿ ಹಾಡಿದ್ದೋ ತಮಾಷೆಗೋ, ದಯವಿಟ್ಟು ತಿಳಿಸಿ. ಬಹಳ ತುರ್ತು. ಇಂತಿ ಅಡುಗೆ ಅಂಬುಜ." ಕಳಿಸಿದ ಮೇಲೆ ಐದೈದು ನಿಮಿಷಕ್ಕೆ ಫೋನು ನೋಡಿದೆ.

ಉತ್ತರ ಬಂದದ್ದು ಶನಿವಾರ ಬೆಳಗ್ಗೆ. ವೀರಭದ್ರಯ್ಯನವರು ಎದುರಿಗೇ ಇದ್ದರು. ಬಾಳೆಲೆ ಬಂದಿದೆಯೋ ಇಲ್ಲವೋ ಅಂತ ವಿಚಾರಿಸಲು ಬಂದವರು, "ಅಂಬುಜಮ್ಮ, ಬೀಗರ ಕಡೆಯೋರು ಬಾಯಿ ಜೋರು. ಆದ್ರೆ ನಿಮ್ ನಾಲಿಗೆ ಇದೆ ಅನ್ನೋ ಧೈರ್ಯ ನನಗೆ" ಅಂದರು. ಆಗಲೇ ಫೋನು ಕಿಣಿಗುಟ್ಟಿದ್ದು. ನೋಡಿದೆ. ನೇರಳೆ ಮಿಂಚಿನವರು ಬರೆದದ್ದು ಎರಡೇ ಪದ. "ನಗು ಬಂತಾ?"

ಪ್ರಶ್ನೆಗೆ ಪ್ರಶ್ನೆ. ಇದನ್ನು ಹೇಗೆ ಓದಲಿ? ನಗಿಸಲೆಂದೇ ಹಾಡಿದವರು ಆಸೆಯಿಂದ ಕೇಳಿದ್ದೋ, ನೋವಾದವರು ಮೆಲ್ಲಗೆ ಕೇಳಿದ್ದೋ? ಹೌದು ಅಂದರೆ ಒಪ್ಪಿಕೊಂಡ ಹಾಗಾಯಿತು. ಇಲ್ಲ ಅಂದರೆ ಸುಳ್ಳಾಯಿತು. ವೀರಭದ್ರಯ್ಯನವರು "ಏನಾದ್ರೂ ಕೆಟ್ಟ ಸುದ್ದಿನಾ?" ಅಂದರು. "ಏನಿಲ್ಲ, ಬಾಳೆಲೆಯವರು" ಅಂದೆ. ಫೋನನ್ನು ಸೆರಗಿನೊಳಗೆ ಅಡಗಿಸಿಕೊಂಡೆ.

ಅವರು ಹೋದ ಮೇಲೆ ನನಗೆ ಉಳಿದದ್ದು ಒಂದೇ ದಾರಿ. ಹತ್ತೊಂಬತ್ತು ವರ್ಷದಿಂದ ನಾನು ತುಳಿಯದೆ ಬಿಟ್ಟಿದ್ದ ದಾರಿ ಅದು, ಪಕ್ಕದ ಓಣಿಯಲ್ಲಿರುವ ನನ್ನ ಅಕ್ಕ ವಿಶಾಲಾಕ್ಷಿಯ ಮನೆಯದು.

ಅಕ್ಕನ ನಾಲಿಗೆಯ ಮೇಲೆ ಉಪ್ಪಿಲ್ಲ. ಕಾರಣ ನಾನು. ನನಗೆ ಇಪ್ಪತ್ತೆಂಟಾಗಿದ್ದಾಗ ನೋಡಲು ಬಂದ ಗಂಡಿನವರು ಒಂದು ಹಾಡು ಹೇಳಮ್ಮ ಅಂದರು. ನಾನು ಬಲಗಿವಿಗೆ ಹೂವಿಟ್ಟುಕೊಂಡು, ನಾನೇ ಕಟ್ಟಿದ ಹಾಡು ಹಾಡಿದೆ. ಅದುವರೆಗೂ ಯಾರಿಗೂ ಕೇಳಿಸದೆ ಬಚ್ಚಿಟ್ಟುಕೊಂಡಿದ್ದ ಹಾಡು. ಆ ಹುಡುಗ ನನಗೆ ಇಷ್ಟವಾಗಿದ್ದ. ಎರಡನೆಯ ಸಾಲಿಗೆ ಬಾಗಿಲ ಹತ್ತಿರ ನಿಂತಿದ್ದ ಅಕ್ಕ ಕಿಸಕ್ಕನೆ ನಕ್ಕಳು. ಬೇರೆ ಯಾರೂ ನಗಲಿಲ್ಲ, ತಲೆ ತಗ್ಗಿಸಿ ಕೂತರು. ಒಡಹುಟ್ಟಿದವಳೇ ನಗುವಂಥ ಹುಡುಗಿ ನಮಗೆ ಬೇಡ ಅಂತ ಹೇಳಿ ಕಳಿಸಿದರು. ಆಮೇಲೆ ನಾನು ಮದುವೆಯ ಮಾತೇ ಎತ್ತಲಿಲ್ಲ, ಬೇರೆಯವರ ಮದುವೆಗೆ ಅಡುಗೆ ಮಾಡತೊಡಗಿದೆ. ಅಕ್ಕ ಅತ್ತಳು, ಕಾಲು ಹಿಡಿದಳು, ಅಪ್ಪ ಅಮ್ಮ ಇರುವವರೆಗೂ ನನ್ನನ್ನು ಬೇಡಿಕೊಂಡರು. ಇರಲಿ ಬಿಡು ಅನ್ನುವ ಎರಡು ಪದ ನನ್ನ ಬಾಯಿಂದ ಬರಲಿಲ್ಲ. ಊರಿನ ಊಟಗಳಲ್ಲಿ ಎಲೆಗೆ ಮೊದಲು ಉಪ್ಪು ಬಡಿಸುತ್ತಾರಲ್ಲ, ಅಕ್ಕನ ಎಲೆ ಬಂದಾಗ ಬಡಿಸುವವರು ದಾಟಿಕೊಂಡು ಹೋಗುತ್ತಾರೆ. ಎಷ್ಟೋ ಮದುವೆಗಳಲ್ಲಿ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ನೋಡಿದ್ದೇನೆ. ನೋಡಿ ಸುಖಪಟ್ಟಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಅಕ್ಕ ಕಿಟಕಿಯ ಪಕ್ಕ ಕೂತು ರವಿಕೆಗೆ ಹುಕ್ಕು ಹೊಲಿಯುತ್ತಿದ್ದಳು. ನನ್ನನ್ನು ಕಂಡು ಸೂಜಿ ಬೆರಳಿಗೆ ಚುಚ್ಚಿಕೊಂಡಳು. "ಬಾ" ಅಂದಳು, ಎದ್ದು ಚಾಪೆ ಹಾಸಿದಳು. ನಾನು ಸುತ್ತಿಬಳಸದೆ ಎಲ್ಲ ಹೇಳಿದೆ. ಹೇಳಿ, "ನೀನು ಮನೇಲಿ ಉಪ್ಪು ಹೇಗೆ ಹಾಕ್ತೀಯ?" ಅಂತ ಕೇಳಿದೆ.

"ನಿಮ್ ಭಾವನ ಕೈ ನೋಡ್ತೀನಿ" ಅಂದಳು. "ಕಮ್ಮಿ ಆಗಿದ್ರೆ ಎರಡನೇ ತುತ್ತಿಗೇ ಉಪ್ಪಿನಕಾಯಿ ಮುಟ್ತಾರೆ. ಜಾಸ್ತಿ ಆಗಿದ್ರೆ ಮೊಸರಿಗೆ ಕೈ ಹೋಗುತ್ತೆ. ಪಾಪ, ಬಾಯಿಬಿಟ್ಟು ಹೇಳಲ್ಲ."

"ಆರುನೂರು ಜನದ ಕೈ ನೋಡಕ್ಕಾಗಲ್ವಲ್ಲೇ."

"ಆಗಲ್ಲ."

ನಾನು ಬಂದಿದ್ದದ್ದು ಒಂದು ಲೆಕ್ಕಾಚಾರ ಇಟ್ಟುಕೊಂಡು. ಅಕ್ಕನ ಕೈರುಚಿಯೂ ನನ್ನದೇ, ಇಬ್ಬರೂ ಅಮ್ಮನಿಂದ ಕಲಿತವರು. ಅವಳಿಗೆ ಉಪ್ಪು ವಾಪಸ್ ಬಂದರೆ ನಾಳೆ ಸೌಟು ಅವಳ ಕೈಗೆ ಕೊಡಬಹುದು, ಮದುವೆಯೂ ಉಳಿಯುತ್ತದೆ, ನನ್ನ ಮಾನವೂ ಉಳಿಯುತ್ತದೆ. ಗಂಟಲು ಸರಿಮಾಡಿಕೊಂಡು, "ಇರಲಿ ಬಿಡು ಅಕ್ಕ" ಅಂದೆ. ಹತ್ತೊಂಬತ್ತು ವರ್ಷ ಬಾರದ ಮಾತು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ನಾಚಿಕೆಯಾಯಿತು.

ಅಕ್ಕ ನನ್ನ ಮುಖವನ್ನೇ ನೋಡಿದಳು. ಎದ್ದು ಒಳಗೆ ಹೋದಳು. ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ಹೋದಾಗ ಇದ್ದ ಹಾಗೇ ಇತ್ತು.

"ಬಂತಾ?"

"ಇಲ್ಲ ಕಣೇ" ಅಂದಳು. "ಪರವಾಗಿಲ್ಲ. ಅಷ್ಟಾದ್ರೂ ಅಂದ್ಯಲ್ಲ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆ ಮೂವರು ಮನಸ್ಸಿಟ್ಟು ಹಾಡಿದರೋ ಇಲ್ಲವೋ ಅಂತ ಎರಡು ದಿನದಿಂದ ಊರೆಲ್ಲ ಅಲೆದವಳು ನಾನು, ನನ್ನ ಬಾಯಿಯ ಮಾತೇ ಸುಳ್ಳು ಅಂತ ನನ್ನ ಅಕ್ಕನ ನಾಲಿಗೆ ಹೇಳಿತು. ಏಳಲು ಹೊರಟೆ. ಅಕ್ಕ ಕೈ ಹಿಡಿದು ಕೂರಿಸಿದಳು. "ಎಲ್ಲಿ, ಆ ಹಾಡು ತೋರ್ಸು" ಅಂದಳು.

ಅಭ್ಯಾಸಬಲದಿಂದ "ಲವಂಗ?" ಅಂದೆ. "ನನಗ್ಯಾಕೆ? ಹೋಗೋದು ಇನ್ನೇನಿದೆ?" ಅಂದಳು. ನಿಜ. ಇಡೀ ಊರಿನಲ್ಲಿ ಯಾವ ಹೆದರಿಕೆಯೂ ಇಲ್ಲದೆ ನಗಬಲ್ಲವರೆಂದರೆ ಅಕ್ಕ ಮತ್ತು ಹೆಡ್‌ಮಾಸ್ತರು, ಇಬ್ಬರೇ. ನೇರಳೆ ಬಟ್ಟೆ ಬಂತು, ಜಲಪಾತ ಬಂತು, ಸಿಲಿಂಡರು ಬಂತು, ಕುಕ್ಕರು ಕೂಗಿತು. ಅಕ್ಕ ನಗಲಿಲ್ಲ. ಹಾಡು ಮುಗಿದ ಮೇಲೂ ಆ ಹೆಂಗಸಿನ ಮುಖದ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದಳು.

"ಇವ್ಳು ಮನಸ್ಸಿಟ್ಟೇ ಹಾಡ್ತಿದಾಳೆ ಅಂಬೂ."

"ಹೇಗೆ ಹೇಳ್ತೀಯ?"

"ಅವತ್ತು ನಿನ್ನ ಮುಖ ಹೀಗೇ ಇತ್ತು." ಅಕ್ಕ ಫೋನು ಕೆಳಗಿಟ್ಟಳು. "ಅಷ್ಟು ಜನರ ಮುಂದೆ, ಒಂಚೂರೂ ಮುಚ್ಚಿಡದೆ, ಎಲ್ಲಾನೂ ತೆಗೆದು ತಟ್ಟೇಲಿಟ್ಟ ಹಾಗೆ ಹಾಡ್ತಿದ್ದೆ. ನಂಗೆ ಭಯ ಆಯ್ತು ಕಣೇ. ಇವ್ಳಿಗೆ ಇವ್ರು ಏನು ಮಾಡ್ಬಿಡ್ತಾರೋ ಅಂತ. ಭಯಕ್ಕೆ ನಗು ಬಂತು. ಯಾರು ನಂಬ್ತಾರೆ ಹೇಳು? ಅದಕ್ಕೇ ನಾನು ಯಾರಿಗೂ ಹೇಳಿಲ್ಲ."

ನನಗೂ ನಂಬಿಕೆ ಬಂತೋ ಇಲ್ಲವೋ ಗೊತ್ತಿಲ್ಲ. ಫೋನು ಎತ್ತಿಕೊಂಡು ಎದ್ದು ಬಂದೆ. ಆ ಮಧ್ಯಾಹ್ನವೆಲ್ಲ ಪಾಯಸಕ್ಕೆ ಗೋಡಂಬಿ ಸೀಳುತ್ತ, ನಾನು ಆ ಹೆಂಗಸನ್ನು ನೋಡಿ ಯಾಕೆ ನಕ್ಕೆ ಅಂತ ಯೋಚಿಸಿದೆ. ಸಿಲಿಂಡರಿಗೆ ನಕ್ಕದ್ದಲ್ಲ. ಕುಕ್ಕರು ಕೂಗಿದ ಮೇಲೂ ಅವಳು ನಿಲ್ಲಿಸದೆ ಕಣ್ಣು ಮುಚ್ಚಿದಳಲ್ಲ, ಆಗ ನಕ್ಕಿದ್ದು. ನಾನು ಅವತ್ತು ಎರಡನೆಯ ಸಾಲಿಗೇ ನಿಲ್ಲಿಸಿದ್ದೆ.

ಭಾನುವಾರ ಕಣ್ಣು ಬಿಟ್ಟವಳೇ ದಿಂಬಿನ ಪಕ್ಕ ಇಟ್ಟುಕೊಂಡಿದ್ದ ಕಲ್ಲುಪ್ಪಿನ ಹರಳನ್ನು ಬಾಯಿಗೆ ಹಾಕಿಕೊಂಡೆ. ಒಂದು ಕಲ್ಲು. ಬರೀ ಕಲ್ಲು. ನಾಲಿಗೆಯ ಈ ಕಡೆ ಆ ಕಡೆ ಹೊರಳಿಸಿದೆ, ಚೂಪಾಗಿ ತಾಗಿತು, ಕರಗಿತು, ರುಚಿ ಮಾತ್ರ ಬರಲಿಲ್ಲ. ಹಾಗಾದರೆ ಅವರು ನಿಜವಾಗಿಯೇ ಹಾಡಿದ್ದು. ಮೂರು ದಿನ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

ಛತ್ರಕ್ಕೆ ಹೋದರೆ ಅಕ್ಕ ಆಗಲೇ ಬಂದಿದ್ದಳು. ನಾನು ಕರೆದಿರಲಿಲ್ಲ. ಚಂಪಾನ ಪಕ್ಕದಲ್ಲಿ ಕೂತು ಕೋಸಂಬರಿಗೆ ಸೌತೆಕಾಯಿ ಕೊಚ್ಚುತ್ತಿದ್ದಳು. "ಇವತ್ತು ನಿನ್ ಜೊತೆ ಯಾರಾದ್ರೂ ಇರ್ಬೇಕು ಅನ್ನಿಸ್ತು" ಅಂದಳು, ತಲೆ ಎತ್ತದೆ. ನಾನು ಒಲೆಗಳ ಕಡೆ ಹೋದೆ. ಎಂಟು ಗಂಟೆಯ ಹೊತ್ತಿಗೆ ಕೊಪ್ಪರಿಗೆಯಲ್ಲಿ ಹುಳಿ ಮರಳತೊಡಗಿತು. ಉಪ್ಪು ಹಾಕಿದ್ದೆ, ಎಷ್ಟು ಹಾಕಿದೆನೋ ದೇವರಿಗೇ ಗೊತ್ತು. ಸೌಟಿನಿಂದ ಅಂಗೈಗೆ ಸುರಿದುಕೊಂಡು ನೆಕ್ಕಿದೆ. ಹುಳಿ ಇತ್ತು, ಖಾರ ಇತ್ತು, ಇಂಗಿನ ವಾಸನೆ ಇತ್ತು. ನಡುವೆ ದೊಡ್ಡದೊಂದು ಹಳ್ಳ. ಹತ್ತಿ ತಿಂದ ಹಾಗೆ. ಮತ್ತೆ ಸುರಿದುಕೊಂಡೆ, ಮತ್ತೆ ನೆಕ್ಕಿದೆ, ಅಂಗೈ ಸುಟ್ಟಿತು.

ಆ ಹಳ್ಳವನ್ನು ನಾಲಿಗೆಯ ಮೇಲಿಟ್ಟುಕೊಂಡು ನಿಂತಾಗ ನನಗೆ ಗೊತ್ತಾಯಿತು, ಅಕ್ಕ ದಿನವೂ ಉಣ್ಣುತ್ತಿದ್ದದ್ದು ಇದನ್ನು. ಬಾಣಂತನದಲ್ಲಿ ತಿಳಿಸಾರು ಅನ್ನ ತಿಂದಾಗ ಇದನ್ನೇ. ಅಮ್ಮ ಕೊನೆಯ ಸಲ ಕೈಯಾರೆ ಕಲೆಸಿ ಇಬ್ಬರಿಗೂ ತುತ್ತು ಕೊಟ್ಟಾಗಲೂ ಅವಳ ಬಾಯಿಗೆ ಬಿದ್ದದ್ದು ಇದೇ. ಅಮ್ಮನ ಕೈತುತ್ತಿನ ಉಪ್ಪು ನನಗೆ ಮಾತ್ರ ನೆನಪಿದೆ, ಅವಳಿಗೆ ಇಲ್ಲ. ಅದನ್ನು ನಾನು ಇನ್ನೆಂದೂ ವಾಪಸ್ ಕೊಡಲಾರೆ. ಮದುವೆ, ಬೀಗರು, ಆರುನೂರು ಎಲೆ ಒಂದೂ ಆಗ ನೆನಪಿರಲಿಲ್ಲ. ಸೌಟು ಕೈಯಲ್ಲಿ ಹಿಡಿದುಕೊಂಡೇ ಹೋಗಿ ಅವಳ ಎದುರು ಕುಕ್ಕರಗಾಲಿನಲ್ಲಿ ಕೂತೆ.

"ಸಾಕು ಕಣೇ" ಅಂದೆ. "ಇರಲಿ ಬಿಡೇ ಅಕ್ಕ. ಇರಲಿ ಬಿಡು."

ಅಕ್ಕ ಆಗ ಕೋಸಂಬರಿ ಕಲೆಸಿ, ಕಾಯಿತುರಿ ಸರಿಯಾಗಿ ಬೆರೆಯಿತೋ ಅಂತ ನೋಡಲು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಿದ್ದಳು. ಅಗಿಯುವುದು ನಿಂತಿತು. ಕಣ್ಣು ಅಗಲವಾಯಿತು. ಇನ್ನೊಂದು ಚಿಟಿಕೆ ಹಾಕಿಕೊಂಡಳು. ಕೆನ್ನೆಯ ಮೇಲೆ ನೀರು ಇಳಿದು ತುಟಿಯ ಮೂಲೆಗೆ ಬಂತು, ಅದನ್ನೂ ನಾಲಿಗೆ ಚಾಚಿ ನೆಕ್ಕಿದಳು, ಚಿಕ್ಕ ಮಕ್ಕಳ ಹಾಗೆ.

"ಅಂಬೂ" ಅಂದಳು. "ಕೋಸಂಬರಿಗೆ ಉಪ್ಪು ಜಾಸ್ತಿ ಆಗಿದೆ ಕಣೇ."

ನಾವಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತದ್ದು ನೋಡಿ ಚಂಪಾ ಹೆದರಿ ಎದ್ದು ನಿಂತಳು. ಅಕ್ಕ ಮೊದಲು ಕಣ್ಣೊರೆಸಿಕೊಂಡಳು. "ಇನ್ನೊಂದಷ್ಟು ಬೇಳೆ, ಸೌತೆಕಾಯಿ ಬೆರೆಸಿದ್ರೆ ಸರಿಹೋಗುತ್ತೆ. ಎಲ್ಲಿ, ಹುಳಿ ತೋರ್ಸು" ಅಂದಳು. ನನ್ನ ಕೈಯಿಂದ ಸೌಟು ತೆಗೆದುಕೊಂಡು ಕೊಪ್ಪರಿಗೆಯ ಮುಂದೆ ನಿಂತಳು. ಅಂಗೈಗೆ ಸುರಿದುಕೊಂಡು ನೆಕ್ಕಿ, ಅಮ್ಮ ಮಾಡುತ್ತಿದ್ದ ಹಾಗೆಯೇ ತಲೆ ಒಂದು ಕಡೆ ವಾಲಿಸಿ, "ಒಂದು ಹಿಡಿ ಹಾಕು. ಅರ್ಧ ಹಿಡಿ ಇಟ್ಕೊಂಡಿರು, ಆಮೇಲೆ ನೋಡೋಣ" ಅಂದಳು.

ವೀರಭದ್ರಯ್ಯನವರನ್ನು ಕರೆಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಮೊದಲು ಕೆಂಪಗಾದರು, ಆಮೇಲೆ ಹಳದಿಯಾದರು. ಅಕ್ಕನ ಮುಂದೆ ಕೈ ಒಡ್ಡಿದರು. ಅಕ್ಕ ಹುಳಿ ಹಾಕಿದಳು. ಕುಡಿದು, "ಬೀಗರಿಗೆ ಹೇಳೋದು ಬೇಡ. ನೀವು ಸೌಟು ಮುಟ್ಟಬೇಡಿ, ಅಷ್ಟೆ" ಅಂದು ಹೊರಟುಹೋದರು. ಬೀಗರು ಎರಡೆರಡು ಸಲ ಹುಳಿ ಹಾಕಿಸಿಕೊಂಡರಂತೆ. ನಾನು ಹಿಂದೆ ಕೂತು ಬಾಳೆಲೆ ಒರೆಸಿಕೊಟ್ಟೆ.

ಮೂರನೆಯ ಪಂಕ್ತಿ ಎದ್ದ ಮೇಲೆ ಕೈತೊಳೆದು ಫೋನು ತೆಗೆದೆ. "ನಗು ಬಂತಾ?" ಹಾಗೇ ಕಾಯುತ್ತಿತ್ತು. ಬರೆದೆ. "ಬಂತು. ಬಹಳ ನಕ್ಕೆ. ನೀವು ಕಣ್ಣು ಮುಚ್ಚಿದಾಗ ನಕ್ಕೆ. ತಪ್ಪಾಯಿತು. ಹಾಡು ಚೆನ್ನಾಗಿದೆ." ಕೊನೆಯದನ್ನು ಅಳಿಸಿ ಮತ್ತೆ ಬರೆದೆ, ಯಾಕೆಂದರೆ ಅದೂ ನಿಜ. ಶನಿವಾರದಿಂದ ಆ ರಾಗ ನನ್ನ ತಲೆಯೊಳಗೆ ಕೂತಿತ್ತು, ಗೋಡಂಬಿ ಸೀಳುವಾಗಲೂ ಅದನ್ನೇ ಗುನುಗಿದ್ದೆ.

ಕೊನೆಯ ಪಂಕ್ತಿ ಅಡುಗೆಯವರದ್ದು. ಅಕ್ಕನೂ ನಾನೂ ಪಕ್ಕಪಕ್ಕ ಕೂತೆವು. ಅಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿತ್ತು. ಉಪ್ಪು ಬಡಿಸುವವನು ಅಕ್ಕನ ಎಲೆಯ ಮುಂದೆ ಒಂದು ಗಳಿಗೆ ತಡೆದು, ಬಗ್ಗಿ, ಮೂಲೆಯಲ್ಲಿ ಚಿಕ್ಕ ಗುಡ್ಡೆ ಹಾಕಿದ. ನನ್ನ ಎಲೆ ಬಂದಾಗ ಮುಖ ಬೇರೆ ಕಡೆ ತಿರುಗಿಸಿ ದಾಟಿಕೊಂಡು ಹೋದ. ಆ ಬರಿದಾದ ಮೂಲೆಯನ್ನು ಬೆರಳಿನಿಂದ ಒರೆಸಿದೆ. ತೊಡೆಯ ಮೇಲೆ ಫೋನು ಇತ್ತು. ಅದರಲ್ಲಿ ಏನೂ ಬಂದಿರಲಿಲ್ಲ. ಎಲ್ಲಿಯವರೋ, ಯಾರೋ, ಅರವತ್ತಮೂರು ಜನ ಕೇಳುವ ಹಾಡಿನವರು. ನಮ್ಮೂರಿನ ಈ ಸಂಗತಿ ಅವರಿಗೆ ಹೇಗೆ ಗೊತ್ತಾಗಬೇಕು, ಯಾವಾಗ ಆ ಮಾತು ಅವರ ಬಾಯಿಗೆ ಬರಬೇಕು?

ಅಕ್ಕ ಬೆರಳಿನಿಂದ ತನ್ನ ಉಪ್ಪಿನ ಗುಡ್ಡೆಯನ್ನು ಎರಡು ಮಾಡಿ, ಅರ್ಧವನ್ನು ನನ್ನ ಎಲೆಯ ಮೂಲೆಗೆ ಸರಿಸಿದಳು.

"ಇಟ್ಕೊಂಡಿರು. ಅವ್ಳು ಅಂದೇ ಅಂತಾಳೆ" ಅಂದಳು.

"ನಿಂಗೆ ಹೇಗೆ ಗೊತ್ತು?"

"ಎಂಥೋರಾದ್ರೂ ನಿನ್ ಥರ ಹತ್ತೊಂಬತ್ತು ವರ್ಷ ಅಂತೂ ಮಾಡಲ್ಲ ಕಣೇ."

ನಾನು ತಿರುಗಿ ನೋಡಿದೆ. ಅಕ್ಕನ ಯಾವ ಕಿವಿಯ ಮೇಲೂ ಹೂವಿರಲಿಲ್ಲ. ತಮಾಷೆಯೋ ನಿಜವೋ ಅಂತ ಕೇಳದೆ ನಕ್ಕುಬಿಟ್ಟೆ.